ಕುಂಕುಮದ ಸೀರೆ ಫೋಟೊದಲ್ಲಿ ಇಟ್ಟಿಗೆ ಬಣ್ಣ: ದಾವಣಗೆರೆಯ ನಡುಮನೆಯಲ್ಲಿ ಕಟ್ಟಿದ ಫೋಟೊ ಮೂಲೆಯ ಲಾಗ್

ಚಿಕ್ಕಮ್ಮ ಮೊಳಕಾಲ್ಮೂರಿನಿಂದ ರೇಷ್ಮೆ ಸೀರೆ ತಂದು ದಾವಣಗೆರೆಯ ಮನೆಯಿಂದಲೇ ಮಾರುತ್ತಾರೆ. ಅಂಗಡಿ ಅಂತ ಇಲ್ಲ, ವಾಟ್ಸಾಪ್ ಗ್ರೂಪೇ ಅಂಗಡಿ. ಜನ ಫೋಟೊ ನೋಡಿ ಆರ್ಡರ್ ಕೊಡುತ್ತಾರೆ. ಸೀರೆ ಕೈಗೆ ಬಂದ ಮೇಲೆ "ಫೋಟೊದಲ್ಲಿ ಇದ್ದ ಬಣ್ಣ ಇದಲ್ಲ" ಅಂತ ವಾಪಸ್ ಕಳಿಸುತ್ತಾರೆ. ಹೋಗುವ ಕೊರಿಯರ್ ದುಡ್ಡೂ ಚಿಕ್ಕಮ್ಮನದು, ಬರುವ ಕೊರಿಯರ್ ದುಡ್ಡೂ ಚಿಕ್ಕಮ್ಮನದು. ಜಾಸ್ತಿ ವಾಪಸ್ ಬರುತ್ತಿದ್ದದ್ದು ಕುಂಕುಮ ಕೆಂಪು, ಮರೂನ್, ರಾಣಿ ಪಿಂಕ್ ಮತ್ತು ನವಿಲು ಬಣ್ಣದವು. ಕ್ರೀಮ್, ಈರುಳ್ಳಿ ಬಣ್ಣದ ಸೀರೆಗಳ ಬಗ್ಗೆ ಯಾರೂ ತಕರಾರು ಮಾಡಿದ್ದಿಲ್ಲ. ಇದು ಮುಖ್ಯ, ಮುಂದೆ ಗೊತ್ತಾಗುತ್ತದೆ.

ಸರಿಯಾದ ಬಣ್ಣದ ಫೋಟೊ ತೆಗೆದುಕೊಡೋಣ ಅಂತ ಹೊರಟಾಗ ನನ್ನ ಹತ್ತಿರ ಇದ್ದದ್ದು ಹಳೆಯ ಕ್ಯಾನನ್ 1500ಡಿ ಕ್ಯಾಮೆರಾ, ಅದರ ಜೊತೆಗೇ ಬಂದ 18-55 ಲೆನ್ಸು, ಸ್ವಲ್ಪ ಅಲ್ಲಾಡುವ ಟ್ರೈಪಾಡ್, ಉಬುಂಟು ಹಾಕಿದ ಕಂಪ್ಯೂಟರ್. ಜಾಗ ಅಂದರೆ ನಡುಮನೆಯ ಒಂದು ಮೂಲೆ, ಹತ್ತಡಿ ಅಗಲ, ಹನ್ನೆರಡಡಿ ಉದ್ದ. ಪಕ್ಕದ ಗೋಡೆಗೆ ಪಿಸ್ತಾ ಹಸಿರು ಬಣ್ಣ.

1. ತಾರಸಿ ಮೇಲೆ

ಬಿಸಿಲಿನಷ್ಟು ಒಳ್ಳೆ ಬೆಳಕು ಯಾವುದಿದೆ ಅಂದುಕೊಂಡು ಮೊದಲು ತಾರಸಿಯಲ್ಲೇ ತೆಗೆದೆ. ನಡು ಮಧ್ಯಾಹ್ನ ಫೋಟೊದಲ್ಲಿ ಜರಿ ಎಲ್ಲಾ ಬರೀ ಬೆಳ್ಳಗಾಯಿತು. ನೀರಿನ ಟ್ಯಾಂಕಿನ ನೆರಳಿಗೆ ಬಂದರೆ ಸೀರೆಗೆ ನೀಲಿ ಛಾಯೆ ಬಂತು. ನೆರಳಿನಲ್ಲಿ ಬೀಳುವುದು ಬಿಸಿಲಲ್ಲ, ನೀಲಿ ಆಕಾಶದ ಬೆಳಕು. ಬೆಳಕಿನ ಬಣ್ಣವನ್ನು ಕೆಲ್ವಿನ್ (ಕೆ) ಅಂಕಿಯಲ್ಲಿ ಹೇಳುತ್ತಾರೆ, ಅಂಕಿ ಏರಿದಷ್ಟೂ ನೀಲಿ: ನೇರ ಬಿಸಿಲು ಸುಮಾರು 5500 ಕೆಲ್ವಿನ್ ಇದ್ದರೆ ನೆರಳು 7000 ದಾಟುತ್ತದೆ. ಸಂಜೆ ಹೊತ್ತಿಗೆ ಅದೇ ಬಿಸಿಲು ಹಳದಿಗೆ ತಿರುಗುತ್ತದೆ. ಒಂದೇ ಕಟ್ಟಿನ ಸೀರೆಗಳನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ತೆಗೆದರೆ ಎರಡು ಬೇರೆ ಬೇರೆ ಊರಿನ ಸೀರೆ ಥರ ಕಾಣುತ್ತವೆ. ಅದೂ ಅಲ್ಲದೆ ಗಾಳಿ, ಧೂಳು. ರೇಷ್ಮೆ ಸೀರೆ ತಾರಸಿಗೆ ತಂದಿದ್ದಕ್ಕೆ ಚಿಕ್ಕಮ್ಮನ ಮುಖ ನೋಡಬೇಕಿತ್ತು. ಬಿಸಿಲು ಕೈಬಿಟ್ಟೆ.

2. ಟ್ಯೂಬ್ ಲೈಟು ಮತ್ತು ಸಾದಾ ಎಲ್‌ಇಡಿ ಬಲ್ಬು

ಮನೆಯಲ್ಲಿದ್ದ ಎಲ್‌ಇಡಿ ಟ್ಯೂಬಿನ ಜೊತೆಗೆ 20 ವ್ಯಾಟಿನ ಎರಡು ಬಲ್ಬು ತಂದೆ, ಎರಡಕ್ಕೂ ಸೇರಿ 420 ರೂಪಾಯಿ. ಡಬ್ಬಿ ಮೇಲೆ 6500ಕೆ, ಸಿಆರ್‌ಐ 80 ಅಂತ ಬರೆದಿತ್ತು. ಸಿಆರ್‌ಐ ಅಂದರೆ ಆ ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಂಕಿ, ನೂರಕ್ಕೆ.

ಮೊದಲ ತೊಂದರೆ: 1/200 ಶಟರ್‌ನಲ್ಲಿ, ಅಂದರೆ ಸೆಕೆಂಡಿನ ಇನ್ನೂರರಲ್ಲಿ ಒಂದು ಭಾಗ ಬೆಳಕು ಬಿಟ್ಟು, ತೆಗೆದರೆ ಫೋಟೊ ಮೇಲೆ ಅಡ್ಡಡ್ಡ ಪಟ್ಟೆ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿಟುಕುತ್ತದೆ. ಶಟರ್ 1/50 ಅಥವಾ ಅದಕ್ಕಿಂತ ನಿಧಾನ ಮಾಡಿದರೆ ಪಟ್ಟೆ ಹೋಗುತ್ತದೆ. ಇದು ಸುಲಭದ್ದು.

ಎರಡನೆಯದು ಸುಲಭದ್ದಲ್ಲ. ಕುಂಕುಮ ಕೆಂಪಿನ ಸೀರೆ ಫೋಟೊ ಚಿಕ್ಕಮ್ಮನಿಗೆ ತೋರಿಸಿದೆ.

"ಇದು ಯಾವ ಸೀರೆ ಅದನೋ? ಕುಂಕುಮ ಅಂದ್ರೆ ಕುಂಕುಮ ಇರ್ಬೇಕಪಾ. ಇದು ಇಟ್ಟಿಗೆ ಆಗೈತಿ."

ಕಂಪ್ಯೂಟರಿನಲ್ಲಿ ಕೂತು ಸರಿ ಮಾಡಲು ಹೋದೆ. ಕೆಂಪು ಏರಿಸಿದರೆ ಜರಿಯೂ ಕೆಂಪಾಗುತ್ತದೆ, ಹಿಂದಿನ ಗೋಡೆಯೂ ಕೆಂಪಾಗುತ್ತದೆ. ಸ್ಯಾಚುರೇಶನ್ (ಬಣ್ಣದ ಕಡುತನ) ಏರಿಸಿದರೆ ಇಟ್ಟಿಗೆ ಬಣ್ಣವೇ ಇನ್ನೂ ಗಾಢ ಆಗುತ್ತದೆ, ಕುಂಕುಮ ಆಗುವುದಿಲ್ಲ. ಕೆಂಪು ಮಾತ್ರ ಆರಿಸಿ ಹ್ಯೂ (ಬಣ್ಣದ ಛಾಯೆ) ತಿರುಗಿಸಿದರೆ ಕುಂಕುಮ ಒಂದು ಮಟ್ಟಿಗೆ ಸರಿಯಾಗುತ್ತದೆ, ಆದರೆ ಅದೇ ಸೆಟ್ಟಿಂಗ್ ಮರೂನಿಗೆ ಹಾಕಿದರೆ ಅದು ಬದನೆಕಾಯಿ ಕಡೆ ವಾಲುತ್ತದೆ. ಒಂದೊಂದು ಸೀರೆಗೂ ಒಂದೊಂದು ಲೆಕ್ಕ. ಇಲ್ಲಿ ಬಹಳ ಹೊತ್ತು ಹೋಯಿತು, ಏನೂ ಸಿಗಲಿಲ್ಲ.

ಕಾರಣ ಬಲ್ಬಿನೊಳಗೇ ಇತ್ತು. ಬಿಳಿ ಎಲ್‌ಇಡಿ ಅಂದರೆ ನೀಲಿ ಬೆಳಕಿನ ಚಿಪ್ಪಿನ ಮೇಲೆ ಹಳದಿ ಫಾಸ್ಫರ್ ಲೇಪನ. ಎರಡೂ ಸೇರಿ ಕಣ್ಣಿಗೆ ಬಿಳಿ ಕಾಣುತ್ತದೆ, ಆದರೆ ಕಡುಗೆಂಪು ಬೆಳಕು ಅದರಲ್ಲಿ ಬಹಳ ಕಮ್ಮಿ. ಡಬ್ಬಿ ಮೇಲಿನ ಸಿಆರ್‌ಐ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ ಮಾತ್ರ. ಕಡುಗೆಂಪಿಗೆ ಬೇರೆ ಅಂಕಿ ಇದೆ, ಆರ್9 ಅಂತ. ಅದು ಆ ಸರಾಸರಿಯಲ್ಲಿ ಬರುವುದೇ ಇಲ್ಲ. ಸಿಆರ್‌ಐ 80 ಇರುವ ಬಲ್ಬಿನಲ್ಲಿ ಆರ್9 ಸೊನ್ನೆಯ ಹತ್ತಿರ ಇದ್ದರೂ ಯಾರೂ ಕೇಳುವುದಿಲ್ಲ. ಈರುಳ್ಳಿ ಬಣ್ಣದ ಸೀರೆಗೆ ತಕರಾರು ಬರದೆ ಕುಂಕುಮಕ್ಕೆ ಬಂದದ್ದು ಇದಕ್ಕೇ. ಬೆಳಕಿನಲ್ಲೇ ಇಲ್ಲದ ಕೆಂಪು ಸೀರೆಯಿಂದ ಹೇಗೆ ವಾಪಸ್ ಬರುತ್ತದೆ? ಬಂದಿಲ್ಲದ್ದನ್ನು ಕ್ಯಾಮೆರಾ ಎಲ್ಲಿಂದ ಹಿಡಿಯುತ್ತದೆ?

ಫೋನಿನಲ್ಲಿ ಇನ್ನೂ ಒಂದು ಎಡವಟ್ಟು ಸೇರಿಕೊಳ್ಳುತ್ತದೆ. ಚೌಕಟ್ಟಿನ ತುಂಬಾ ಕೆಂಪು ಸೀರೆಯೇ ಇದ್ದರೆ ಆಟೊ ವೈಟ್ ಬ್ಯಾಲೆನ್ಸ್ (ಬೆಳಕಿನ ಛಾಯೆ ಕಳೆದು ಬಿಳಿಯನ್ನು ಬಿಳಿಯಾಗಿ ತೋರಿಸುವ ಸೆಟ್ಟಿಂಗ್) "ಬೆಳಕೇ ಕೆಂಪಗಿದೆ" ಅಂತ ತಿಳಿದುಕೊಂಡು ಕೆಂಪನ್ನು ಇಳಿಸಿಬಿಡುತ್ತದೆ.

3. ಹೊಸ ಲೈಟು

60 ವ್ಯಾಟಿನ ಒಂದು ಸಿಒಬಿ (ಎಲ್‌ಇಡಿಗಳನ್ನೆಲ್ಲ ಒಂದೇ ಕಡೆ ಒತ್ತಾಗಿ ಕೂರಿಸಿದ) ವಿಡಿಯೊ ಲೈಟ್ ಆನ್‌ಲೈನ್‌ನಲ್ಲಿ ತರಿಸಿದೆ, 5600ಕೆ, ಸಿಆರ್‌ಐ 96, ಆರ್9 90ರ ಮೇಲೆ. 6,800 ರೂಪಾಯಿ. ಇಡೀ ಕೆಲಸದಲ್ಲಿ ದೊಡ್ಡ ಖರ್ಚು ಇದೇ. ಕೊಳ್ಳುವವರು ಆರ್9 ಅಂಕಿ ಬರೆದಿದೆಯೋ ಇಲ್ಲವೋ ನೋಡಿ. ಬರೆದಿಲ್ಲ ಅಂದರೆ ಬಿಟ್ಟುಬಿಡಿ, ಚೆನ್ನಾಗಿದ್ದರೆ ಬರೆಯುತ್ತಿದ್ದರು ಅಲ್ವಾ.

ಟ್ಯೂಬು ಆರಿಸಿ, ಕಿಟಕಿಗೆ ದಪ್ಪ ಕಂಬಳಿ ಹಾಕಿ, ಇದೊಂದೇ ಬೆಳಕಿನಲ್ಲಿ ಅದೇ ಸೀರೆ ತೆಗೆದೆ. ಎಡಿಟಿಂಗ್ ಏನೂ ಇಲ್ಲದೆ ಕುಂಕುಮ ಕುಂಕುಮವಾಗಿಯೇ ಬಂತು. ಕಿಟಕಿ ತೆರೆದಿಟ್ಟು ತೆಗೆದು ನೋಡಿದಾಗ ಮತ್ತೆ ಕೆಟ್ಟಿತು: ಸೀರೆಯ ಒಂದು ಪಕ್ಕ ನೀಲಿ, ಇನ್ನೊಂದು ಪಕ್ಕ ಸರಿ. ವೈಟ್ ಬ್ಯಾಲೆನ್ಸ್ ಒಂದು ಫೋಟೊಗೆ ಒಂದೇ. ಎರಡು ಥರದ ಬೆಳಕು ಬಿದ್ದರೆ ಯಾವುದಾದರೂ ಒಂದನ್ನು ಮಾತ್ರ ಸರಿ ಮಾಡಬಹುದು.

4. ಪಂಚೆ

ಲೈಟು ನೇರವಾಗಿ ಬಿಟ್ಟರೆ ನಿರಿಗೆಗಳ ನೆರಳು ಚಾಕುವಿನಲ್ಲಿ ಕೊಯ್ದ ಹಾಗೆ ಬೀಳುತ್ತದೆ. ಮೆತ್ತಗೆ ಮಾಡಬೇಕು. ಮುಕ್ಕಾಲು ಇಂಚಿನ ಪಿವಿಸಿ ಪೈಪಿನಲ್ಲಿ ನಾಲ್ಕಡಿ ಅಗಲ, ಐದಡಿ ಎತ್ತರದ ಚೌಕಟ್ಟು ಕಟ್ಟಿದೆ. ಪೈಪು, ನಾಲ್ಕು ಎಲ್ಬೋ, ಕಾಲಿಗೆ ಟೀ ಜಾಯಿಂಟು ಎಲ್ಲಾ ಸೇರಿ 360 ರೂಪಾಯಿ. ಅಂಟು ಹಾಕಲಿಲ್ಲ, ಬಿಚ್ಚಿ ಅಟ್ಟಕ್ಕೆ ಹಾಕಬೇಕಲ್ಲ. ಅದಕ್ಕೆ ಚಿಕ್ಕಪ್ಪನ ಹಳೆ ಬಿಳಿ ಪಂಚೆಯನ್ನು ಬಟ್ಟೆ ಕ್ಲಿಪ್ಪಿನಿಂದ ಬಿಗಿಯಾಗಿ ಎಳೆದು ಹಾಕಿದೆ. ಲೈಟಿನಿಂದ ಪಂಚೆಗೆ ಎರಡಡಿ, ಪಂಚೆಯಿಂದ ಸೀರೆಗೆ ಮೂರಡಿ.

ನೆರಳು ಮೆತ್ತಗಾಯಿತು. ಆದರೆ ಎಲ್ಲಾ ಸೀರೆಗೂ ತಣ್ಣನೆ ನೀಲಿ ಛಾಯೆ. ಲೈಟು ಅದೇ, ಸೆಟ್ಟಿಂಗ್ ಅದೇ. ಪಂಚೆ ತೆಗೆದರೆ ಹೋಗುತ್ತದೆ, ಹಾಕಿದರೆ ಬರುತ್ತದೆ. ಪಂಚೆಯನ್ನು ಬಿಳಿ ಥರ್ಮೊಕೋಲ್ ಪಕ್ಕ ಹಿಡಿದು ನೋಡಿದಾಗ ಗೊತ್ತಾಯಿತು, ಅದು ನೀಲಿಯಲ್ಲಿ ಅದ್ದಿ ಒಗೆದ ಪಂಚೆ! ಬಿಳಿ ಬಟ್ಟೆ ಬೆಳ್ಳಗೆ ಕಾಣಲಿ ಅಂತ ಕೊನೆಯ ಬಕೀಟಿಗೆ ನಾಲ್ಕು ಹನಿ ಹಾಕುತ್ತೇವಲ್ಲ, ಅದೇ ನೀಲಿ. ವರ್ಷಗಟ್ಟಲೆ ಅದ್ದಿ ಅದ್ದಿ ನೂಲಿಗೇ ಹಿಡಿದಿತ್ತು. ಪಂಚೆಯ ಅಂಚು ಮಡಚಿ ಹೊಲಿದ ಜಾಗದಲ್ಲೂ ಮಡಿಕೆ ಇದ್ದ ಕಡೆಯೂ ಗೆರೆಗೆರೆಯಾಗಿ ಇನ್ನೂ ದಟ್ಟ. ಒಂದೇ ಥರದ ನೀಲಿಯಾಗಿದ್ದರೆ ವೈಟ್ ಬ್ಯಾಲೆನ್ಸಿನಲ್ಲಿ ಕಳೆಯಬಹುದಿತ್ತು. ಹೀಗೆ ಗೆರೆಗೆರೆಯಾದರೆ ಆಗುವುದಿಲ್ಲ.

ಚೌಕಿಪೇಟೆಗೆ ಹೋಗಿ ಗಂಜಿಯನ್ನೂ ನೀಲಿಯನ್ನೂ ಕಾಣದ ತೆಳು ಬಿಳಿ ಕಾಟನ್ ಮೂರು ಮೀಟರ್ ತಂದೆ, 240 ರೂಪಾಯಿ. ಸರಿಹೋಯಿತು. ಇದನ್ನು ಒಗೆಯಲು ಹಾಕಬಾರದು ಅಂತ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

5. ಹಸಿರು ಗೋಡೆ

ಸೀರೆಯ ಎಡಗಡೆ ನಿರಿಗೆಗಳ ಒಳಗೆ ಮಾತ್ರ ಸ್ವಲ್ಪ ಹಸಿರು. ಕ್ರೀಮ್ ಸೀರೆಯಲ್ಲಿ ಚೆನ್ನಾಗಿ ಕಾಣುತ್ತದೆ. ಪಿಸ್ತಾ ಗೋಡೆಗೆ ಬಡಿದ ಬೆಳಕು ಹಸಿರಾಗಿ ಸೀರೆ ಮೇಲೆ ಬೀಳುತ್ತಿತ್ತು. ಬಣ್ಣ ಬಳಿಸುವ ಮಾತೆತ್ತಿದೆ, ಮಾತು ಅಲ್ಲಿಗೇ ನಿಂತಿತು. ಗೋಡೆಗೆ ಅಡ್ಡವಾಗಿ ಥರ್ಮೊಕೋಲ್ ಹಾಳೆಗಳನ್ನು ನಿಲ್ಲಿಸಿದೆ. ಹಸಿರೂ ಹೋಯಿತು, ನೆರಳಿನ ಕಡೆಗೆ ಬೆಳಕೂ ಬಂತು. ನಾಲ್ಕು ಹಾಳೆಗೆ 280. ನಾನೂ ಬೂದು ಟೀ ಶರ್ಟ್ ಹಾಕಿಕೊಂಡು ತೆಗೆಯುತ್ತೇನೆ. ಕಿತ್ತಳೆ ಶರ್ಟ್ ಹಾಕಿದ್ದ ದಿನ ಜರಿಯಲ್ಲಿ ಆ ಕಿತ್ತಳೆ ಕಂಡಿತ್ತು.

ಬೆಳಕು ಸಮ ಇದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ, ಕಣ್ಣು ಹೊಂದಿಕೊಂಡುಬಿಡುತ್ತದೆ. ಕ್ಯಾಮೆರಾದಲ್ಲೇ ಅಳೆದೆ. 350 ರೂಪಾಯಿಯ ಗ್ರೇ ಕಾರ್ಡನ್ನು (ಅಳತೆಗೆಂದೇ ಮಾಡಿದ ಬೂದು ಬಣ್ಣದ ಹಾಳೆ) ಸೀರೆಯ ಲೈಟಿನ ಕಡೆಯ ತುದಿಗೆ ಹಿಡಿದರೆ ಕ್ಯಾಮೆರಾದ ಬೆಳಕಿನ ಮೀಟರ್ ಶಟರ್ 1/20 ಅಂತು, ಆಚೆ ತುದಿಗೆ 1/6. ಸುಮಾರು ಒಂದೂ ಮುಕ್ಕಾಲು ಸ್ಟಾಪ್ ವ್ಯತ್ಯಾಸ (ಒಂದು ಸ್ಟಾಪ್ ಅಂದರೆ ಬೆಳಕು ಎರಡು ಪಟ್ಟು). ಅಂದರೆ ಒಂದೇ ಸೀರೆಯ ಒಂದು ಬದಿ ಕುಂಕುಮ, ಇನ್ನೊಂದು ಬದಿ ಮರೂನ್! ಲೈಟನ್ನೂ ಬಟ್ಟೆಯ ಚೌಕಟ್ಟನ್ನೂ ಇನ್ನೆರಡಡಿ ಹಿಂದೆ ಸರಿಸಿ, ಥರ್ಮೊಕೋಲನ್ನು ಹತ್ತಿರ ತಂದೆ. ಆಮೇಲೆ 1/10 ಮತ್ತು 1/8. ಇಷ್ಟು ಸಾಕು. ಪೂರ್ತಿ ಸಮ ಮಾಡಿದರೆ ನಿರಿಗೆ ಎಲ್ಲಾ ಚಪ್ಪಟೆಯಾಗಿ ಸೀರೆ ಕ್ಯಾಲೆಂಡರ್ ಥರ ಕಾಣುತ್ತದೆ.

6. ಎಕ್ಸ್‌ಪೋಶರ್

ಕ್ಯಾಮೆರಾದ ಮೀಟರಿಗೆ ಕಪ್ಪು ಸೀರೆ, ಬಿಳಿ ಸೀರೆ ಅಂತ ಗೊತ್ತಿಲ್ಲ. ಎದುರಿಗೆ ಏನಿದ್ದರೂ ಅದನ್ನು ನಡು ಬೂದು ಬಣ್ಣಕ್ಕೆ ತರುತ್ತದೆ. ಆಟೊದಲ್ಲಿ ಬಿಟ್ಟರೆ ಕ್ರೀಮ್ ಸೀರೆ ಮಂಕು, ಬದನೆಕಾಯಿ ಬಣ್ಣ ತಿಳಿಯಾಗುತ್ತದೆ. ಹಾಗಾಗಿ ಗ್ರೇ ಕಾರ್ಡಿಗೆ ಒಮ್ಮೆ ಅಳೆದು ಮ್ಯಾನುವಲ್‌ನಲ್ಲಿ ಬೀಗ ಹಾಕಿದೆ: ಐಎಸ್‌ಒ 100 (ಸೆನ್ಸರಿನ ಸೂಕ್ಷ್ಮತೆ), ಎಫ್8 (ಲೆನ್ಸಿನ ಕಿಂಡಿಯ ಅಳತೆ), ಶಟರ್ 1/10. ಆ ದಿನದ ಎಲ್ಲಾ ಸೀರೆಗೂ ಇದೇ. ಲೆನ್ಸು 50 ಮಿಮೀ ಹತ್ತಿರ, ಎರಡು ಸೆಕೆಂಡ್ ಟೈಮರ್, ಫ್ಯಾನ್ ಬಂದ್. ಫ್ಯಾನ್ ಓಡುತ್ತಿದ್ದರೆ 1/10ರಲ್ಲಿ ಸೆರಗಿನ ಕುಚ್ಚು ಅಲುಗಿ ಮಸುಕಾಗುತ್ತದೆ. ಏಪ್ರಿಲ್ ತಿಂಗಳ ದಾವಣಗೆರೆಯಲ್ಲಿ ಫ್ಯಾನ್ ಇಲ್ಲದೆ ಈ ಕೆಲಸ ಮಾಡಿ ನೋಡಿ.

ವೈಟ್ ಬ್ಯಾಲೆನ್ಸಿಗೆ ಮೊದಲು ಎ4 ಹಾಳೆ ಬಳಸಿ ನೋಡಿದ್ದೆ. ಕಿಟಕಿ ಬೆಳಕಿನಲ್ಲಿ ಅದು ಕೈಕೊಡುತ್ತದೆ. ಹಾಳೆ ಬೆಳ್ಳಗೆ ಕಾಣಲಿ ಅಂತ ಹಾಕಿರುವ ಬ್ರೈಟ್ನರ್ ಬಿಸಿಲಿನ ಅಲ್ಟ್ರಾವೈಲೆಟ್ ಹೀರಿ ನೀಲಿ ಹೊಳೆಯುತ್ತದೆ, ಅದನ್ನು ಕಳೆಯಲು ಹೋಗಿ ಫೋಟೊ ಹಳದಿಯಾಗುತ್ತದೆ. ಗ್ರೇ ಕಾರ್ಡೇ ಸರಿ.

ಫೋಟೊ ರಾ ಫೈಲಿನಲ್ಲೇ, ಅಂದರೆ ಕ್ಯಾಮೆರಾ ಹಿಡಿದದ್ದನ್ನು ಸಂಸ್ಕರಿಸದೆ ಇಡುವ ಫೈಲಿನಲ್ಲೇ, ತೆಗೆಯುವುದು. ಜೆಪೆಗ್‌ನಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು, ಈ ಕ್ಯಾಮೆರಾದ 14 ಬಿಟ್ ರಾ ಫೈಲಿನಲ್ಲಿ 16,384. ಮರೂನ್ ಸೀರೆಯ ಕತ್ತಲೆ ನಿರಿಗೆಯನ್ನು ಎತ್ತಬೇಕಾದಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ.

7. ನೇಯ್ಗೆ ಎಲ್ಲಿ ಹೋಯಿತು?

ಬಣ್ಣ ಸರಿ ಬಂತು, ಆದರೆ ರಾಣಿ ಪಿಂಕ್ ಸೀರೆಯ ಒಡಲು ಪ್ಲಾಸ್ಟಿಕ್ ಹಾಳೆಯಂತೆ ಕಂಡಿತು. ನೂಲಿನ ಎಳೆ ಕಾಣುವುದಿಲ್ಲ, ಬುಟ್ಟಾದ ಸುತ್ತ ಬಣ್ಣ ಹರಡಿದ ಹಾಗೆ. ಫೋಟೊದ ಕತ್ತಲೆ-ಬೆಳಕಿನ ಹಂಚಿಕೆ ತೋರಿಸುವ ಕ್ಯಾಮೆರಾದ ಹಿಸ್ಟೋಗ್ರಾಮ್ ಮಾತ್ರ ಎಲ್ಲಾ ಸರಿ ಇದೆ ಅನ್ನುತ್ತಿತ್ತು.

ನಾನು ನೋಡುತ್ತಿದ್ದದ್ದು ಬ್ರೈಟ್‌ನೆಸ್ ಹಿಸ್ಟೋಗ್ರಾಮ್. ಅದು ಮೂರೂ ಬಣ್ಣ ಬೆರೆಸಿ ಲೆಕ್ಕ ಹಾಕುತ್ತದೆ, ಅದರಲ್ಲಿ ಹಸಿರಿನದೇ ಜಾಸ್ತಿ ಪಾಲು. ರಾಣಿ ಪಿಂಕ್‌ನಲ್ಲಿ ಹಸಿರು ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ಮೆನುವಿನಲ್ಲಿ ಆರ್‌ಜಿಬಿ ಹಿಸ್ಟೋಗ್ರಾಮ್ ಆನ್ ಮಾಡಿದ ಮೇಲೆ ಕಂಡಿತು, ಕೆಂಪಿನ ಗುಡ್ಡ ಬಲಗಡೆ ಗೋಡೆಗೆ ಒತ್ತಿಕೊಂಡಿತ್ತು. ಕಂಪ್ಯೂಟರಿನಲ್ಲಿ ಒಡಲಿನ ಮೇಲೆ ಎಲ್ಲಿ ಪಿಕರ್ (ಬಣ್ಣದ ಅಂಕಿ ಓದುವ ಗುರುತು) ಇಟ್ಟರೂ ಕೆಂಪು 255, ಅಂದರೆ ಕೊನೆಯ ಮೆಟ್ಟಿಲು. ಎಳೆಯ ಮೇಲೂ 255, ಎಳೆಗಳ ನಡುವಿನ ನೆರಳಿನಲ್ಲೂ 255. ಎರಡೂ ಒಂದೇ ಅಂಕಿ ಆದ ಮೇಲೆ ನೇಯ್ಗೆ ಕಾಣುವುದು ಹೇಗೆ?

ಶಟರ್ 1/10ರಿಂದ 1/15 ಮಾಡಿದೆ. ಕೆಂಪು 220ರ ಆಸುಪಾಸಿಗೆ ಇಳಿಯಿತು, ಎಳೆಗಳು ವಾಪಸ್ ಬಂದವು. ಕೆಂಪು, ರಾಣಿ ಪಿಂಕ್, ಕಿತ್ತಳೆ ಸೀರೆಗಳಿಗೆ ಈಗ ಇದೇ ಲೆಕ್ಕ. ಫೋಟೊ ಸ್ವಲ್ಪ ಮಬ್ಬಾಗಿ ಬರುತ್ತದೆ, ಆಮೇಲೆ ನಡು ಟೋನ್ ಮಾತ್ರ ಎತ್ತುವುದು. ಸ್ಯಾಚುರೇಶನ್ ಮುಟ್ಟುವುದಿಲ್ಲ. ಆನ್‌ಲೈನ್‌ನಲ್ಲಿ ಕಾಣುವ ಸೀರೆ ಫೋಟೊಗಳಲ್ಲಿ ಅರ್ಧಕ್ಕರ್ಧ ಹಾಳಾಗಿರುವುದು ಆ ಒಂದು ಸ್ಲೈಡರಿನಿಂದ ಅಂತ ನನ್ನ ಅಭಿಪ್ರಾಯ.

8. ಜರಿ

ಲೈಟು 45 ಡಿಗ್ರಿಯಲ್ಲಿ ಪಕ್ಕದಿಂದ ಬರುವಾಗ ಅಂಚಿನ ಜರಿ ಕಂದು ಪಟ್ಟಿಯಂತೆ ಕಂಡಿತು. ಜರಿ ಹೆಚ್ಚುಕಮ್ಮಿ ಕನ್ನಡಿ. ಎದುರಿಗೆ ಏನಿದೆಯೋ ಅದನ್ನು ತೋರಿಸುತ್ತದೆ, ನನ್ನ ಹಿಂದೆ ಇದ್ದದ್ದು ಕತ್ತಲೆ ಕೋಣೆ. ಕ್ಯಾಮೆರಾದ ಪಕ್ಕದಲ್ಲಿ, ಸ್ವಲ್ಪ ಮೇಲೆ, ಒಂದು ಥರ್ಮೊಕೋಲ್ ಹಾಳೆ ಹಿಡಿದ ಕೂಡಲೇ ಇಡೀ ಅಂಚು ಬಂಗಾರವಾಯಿತು. ಈಗ ಅದನ್ನು ಹಳೆ ಕೊಡೆ ಕಡ್ಡಿಗೆ ಕಟ್ಟಿ ನೇತುಹಾಕಿದ್ದೇನೆ. ಹೊಳಪು ಕಳೆಯುವ ಪೋಲರೈಸರ್ ಫಿಲ್ಟರ್ ಗೆಳೆಯನಿಂದ ತಂದು ಹಾಕಿ ನೋಡಿದೆ, ರೇಷ್ಮೆಯ ಹೊಳಪೇ ಹೋಗಿ ಸೀರೆ ಕಾಟನ್ ಥರ ಆಯಿತು. ವಾಪಸ್ ಕೊಟ್ಟೆ.

9. ಸ್ಕ್ರೀನು

ಮೊದಲ ಕಟ್ಟು ಎಡಿಟ್ ಮಾಡಿ ಕಳಿಸಿದೆ. ಚಿಕ್ಕಮ್ಮನ ಫೋನಿನಲ್ಲಿ ಎಲ್ಲಾ ಕತ್ತಲೆ, ಜೊತೆಗೆ ನೀಲಿ.

ಕತ್ತಲೆಗೆ ಕಾರಣ ಮಾನಿಟರಿನ ಬ್ರೈಟ್‌ನೆಸ್ 100ರಲ್ಲಿ ಇದ್ದದ್ದು. ಸ್ಕ್ರೀನ್ ಅಷ್ಟು ಬೆಳಗುತ್ತಿದ್ದರೆ ಯಾರಾದರೂ ಫೋಟೊವನ್ನು ಕತ್ತಲೆ ಮಾಡಿಯೇ ಮಾಡುತ್ತಾರೆ. ನೀಲಿಗೆ ಕಾರಣ ನೈಟ್ ಲೈಟ್. ಸಂಜೆ ಏಳಾದ ಮೇಲೆ ಸ್ಕ್ರೀನ್ ತಾನಾಗಿಯೇ ಹಳದಿಗೆ ತಿರುಗುತ್ತಿತ್ತು, ಆ ಹಳದಿಯನ್ನು ನಾನು ಫೋಟೊದಿಂದ ಕಳೆಯುತ್ತಿದ್ದೆ. ನೈಟ್ ಲೈಟ್ ಆಫ್ ಮಾಡಿದೆ. ಮದುವೆ ಫೋಟೊ ತೆಗೆಯುವ ಗೆಳೆಯನ ಕ್ಯಾಲಿಬ್ರೇಟರ್ (ಸ್ಕ್ರೀನಿನ ಬಣ್ಣ ಅಳೆಯುವ ಯಂತ್ರ) ಒಂದು ಸಂಜೆಗೆ ತಂದು ಬೆಳಕನ್ನು ಚದರ ಮೀಟರಿಗೆ 120 ಕ್ಯಾಂಡೆಲಾ, ಬಿಳಿಯನ್ನು 6500ಕೆ, ನಡು ಟೋನಿನ ಗಾಢತೆ ಹೇಳುವ ಗಾಮಾವನ್ನು 2.2ಕ್ಕೆ ಹೊಂದಿಸಿದೆ. ನನ್ನ ಮಾನಿಟರಿನಲ್ಲಿ ಅದು ಬ್ರೈಟ್‌ನೆಸ್ 34ಕ್ಕೆ ಬಂತು. ಯಂತ್ರ ಸಿಗದಿದ್ದರೆ ಸ್ಕ್ರೀನಿನ ಪಕ್ಕ ಬಿಳಿ ಹಾಳೆ ಹಿಡಿದು, ಖಾಲಿ ಬಿಳಿ ಕಿಟಕಿ ತೆರೆದು, ಎರಡೂ ಒಂದೇ ಬೆಳಕು ಕಾಣುವವರೆಗೆ ಇಳಿಸಿ. ನೂರಕ್ಕೆ ನೂರು ಅಲ್ಲ, ಆದರೆ ಸುಮ್ನೆ ಬಿಡುವುದಕ್ಕಿಂತ ಎಷ್ಟೋ ಮೇಲು.

10. ಡಾರ್ಕ್‌ಟೇಬಲ್

ರಾ ಫೈಲ್ ಎಡಿಟ್ ಮಾಡುವ ಪುಕ್ಕಟೆ ಸಾಫ್ಟ್‌ವೇರ್, ಇದಕ್ಕೆ ಸಾಕು. ಗ್ರೇ ಕಾರ್ಡ್ ಹಿಡಿದ ಮೊದಲ ಫೋಟೊ ತೆರೆದು ಕಲರ್ ಕ್ಯಾಲಿಬ್ರೇಶನ್ ಮಾಡ್ಯೂಲಿನ ಪಿಕರ್‌ನಿಂದ ಕಾರ್ಡ್ ಆರಿಸುತ್ತೇನೆ. ಹಳೆ ಅಭ್ಯಾಸದಂತೆ ವೈಟ್ ಬ್ಯಾಲೆನ್ಸ್ ಮಾಡ್ಯೂಲನ್ನೂ ಮುಟ್ಟಿದರೆ "ವೈಟ್ ಬ್ಯಾಲೆನ್ಸ್ ಅಪ್ಲೈಡ್ ಟ್ವೈಸ್" ಅಂತ ಎಚ್ಚರಿಕೆ ಬರುತ್ತದೆ. ಆ ಮಾಡ್ಯೂಲನ್ನು ಕ್ಯಾಮೆರಾ ರೆಫರೆನ್ಸ್ ಅನ್ನುವ ಆಯ್ಕೆಯಲ್ಲೇ ಬಿಡಬೇಕು. ಆಮೇಲೆ ಎಕ್ಸ್‌ಪೋಶರ್, ಸಿಗ್ಮಾಯ್ಡ್ ಅನ್ನುವ ಮಾಡ್ಯೂಲಿನಲ್ಲಿ ಸ್ವಲ್ಪ ಕಾಂಟ್ರಾಸ್ಟ್, ಅಷ್ಟೇ. ಇದನ್ನು ಕಾಪಿ ಮಾಡಿ ಆ ದಿನದ ಎಲ್ಲಾ ಫೋಟೊಗೂ ಪೇಸ್ಟ್. ಬೆಳಕೂ ಸೆಟ್ಟಿಂಗೂ ಬದಲಾಗದ ಕಾರಣ ಒಂದೊಂದಕ್ಕೂ ಕೂರುವ ಕೆಲಸವಿಲ್ಲ. 1/15ರಲ್ಲಿ ತೆಗೆದವಕ್ಕೆ ಮಾತ್ರ ನಡು ಟೋನ್ ಎತ್ತಬೇಕು.

ಎಕ್ಸ್‌ಪೋರ್ಟ್ ಎಸ್‌ಆರ್‌ಜಿಬಿಯಲ್ಲಿ, ಅಂದರೆ ಸಾಮಾನ್ಯ ಸ್ಕ್ರೀನುಗಳು ತೋರಿಸುವ ಬಣ್ಣಗಳ ಗಡಿಯೊಳಗೆ. ಅದಕ್ಕಿಂತ ದೊಡ್ಡ ಗಡಿಯ ಅಡೋಬಿ ಆರ್‌ಜಿಬಿಯಲ್ಲಿ ಕಳಿಸಿ ನೋಡಿದೆ, ಫೈಲಿನೊಳಗಿನ ಬಣ್ಣದ ಗುರುತು (ಪ್ರೊಫೈಲ್) ಓದದ ಫೋನುಗಳಲ್ಲಿ ಬಣ್ಣ ಸತ್ತುಹೋಗುತ್ತದೆ. ವಾಟ್ಸಾಪಿನಲ್ಲಿ ಎಚ್‌ಡಿ ಒತ್ತಿ ಕಳಿಸುವುದು. ಇಲ್ಲದಿದ್ದರೆ ಸಣ್ಣ ಬುಟ್ಟಾ ಎಲ್ಲಾ ಕಲಸಿಹೋಗುತ್ತದೆ.

ಖರ್ಚು ಲೈಟು, ಪೈಪು, ಬಟ್ಟೆ, ಥರ್ಮೊಕೋಲ್, ಕಾರ್ಡ್ ಎಲ್ಲಾ ಸೇರಿ 8,030. ಕೆಲಸಕ್ಕೆ ಬಾರದ 420ರ ಬಲ್ಬು ಈಗ ಬಚ್ಚಲಲ್ಲಿ ಉರಿಯುತ್ತಿವೆ.

11. ಇನ್ನೂ ಆಗದ್ದು

ನವಿಲು ಬಣ್ಣ. ಅದರಲ್ಲೂ ಹಾಸು (ಉದ್ದ ನೂಲು) ಒಂದು ಬಣ್ಣ, ಹೊಕ್ಕು (ಅಡ್ಡ ನೂಲು) ಇನ್ನೊಂದು ಬಣ್ಣ ಇರುವ ಡಬಲ್ ಶೇಡ್ ಸೀರೆ. ಹಾಸು ನೀಲಿ, ಹೊಕ್ಕು ಹಸಿರು ಇದ್ದರೆ ನಿಂತ ಕಡೆಯಿಂದ ನೀಲಿ, ಪಕ್ಕಕ್ಕೆ ಸರಿದರೆ ಹಸಿರು. ಒಂದು ಫೋಟೊದಲ್ಲಿ ಯಾವುದನ್ನು ಹಿಡಿಯುವುದು? ಅದೂ ಅಲ್ಲದೆ ಆ ಗಾಢ ಹಸಿರು-ನೀಲಿ ಎಸ್‌ಆರ್‌ಜಿಬಿಯ ಮಿತಿಯ ಹೊರಗೆ ಬೀಳುತ್ತದೆ. ಎಷ್ಟೇ ತಿದ್ದಿದರೂ ಸ್ಕ್ರೀನಿನಲ್ಲಿ ಒಂದು ಕೈ ಮಂಕೇ. ವಿವಿಡ್ ಮೋಡ್ ಹಾಕಿಕೊಂಡ ಫೋನುಗಳಲ್ಲಿ ಅದೇ ಫೋಟೊ ಅತಿಯಾಗಿಬಿಡುತ್ತದೆ, ಅದು ನನ್ನ ಕೈಯಲ್ಲಿಲ್ಲ.

ಸದ್ಯಕ್ಕೆ ಇಂಥ ಸೀರೆಗೆ ಎರಡು ಫೋಟೊ, ಒಂದು ಎದುರಿನಿಂದ, ಒಂದು ಪಕ್ಕದಿಂದ. ಜೊತೆಗೆ ಸೆರಗನ್ನು ಮೆಲ್ಲಗೆ ತಿರುಗಿಸುವ ಹತ್ತು ಸೆಕೆಂಡಿನ ವಿಡಿಯೊ. ಚಿಕ್ಕಮ್ಮ ಅದರ ಕೆಳಗೆ ತಮ್ಮದೇ ಸಾಲು ಸೇರಿಸುತ್ತಾರೆ: "ಫೋಟೊಕ್ಕಿಂತ ಬಣ್ಣ ಇನ್ನೂ ಗಾಢ ಐತಿ, ಒಪ್ಪಿದ್ರೆ ಮಾತ್ರ ತಗೊಳ್ರಿ." ಕೆಂಪು ಸೀರೆಗಳು ಈಗ ವಾಪಸ್ ಬರುತ್ತಿಲ್ಲ. ನವಿಲು ಬಣ್ಣದ್ದು ಹೋದ ವಾರವೂ ಒಂದು ಬಂತು.